ಏವ್ರಿಲ್ ವಾಪಸು ಕಳಿಸಿದ ಮತದಾರ

ಏವ್ರಿಲ್ ಓಲ್ಡ್‌ರಾಯ್ಡ್‌ಳನ್ನು ನಾನು ಮೊದಲು ಕಂಡಾಗ ಅವಳು ಒಂದನೆಯ ತರಗತಿಯ ಮಕ್ಕಳ ಕುರ್ಚಿಯಲ್ಲಿ ಮಂಡಿಗಳನ್ನು ಗದ್ದಕ್ಕೆ ತಾಗುವಷ್ಟು ಮಡಚಿಕೊಂಡು ಕುಳಿತಿದ್ದಳು. ಅದು ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಮೇ ತಿಂಗಳು. ಯಾರ್ಕ್‌ಶೈರಿನ ಗುಡ್ಡಗಳ ನಡುವಿನ ಸ್ಕೆಲ್‌ಬೆಕ್ ಶಾಲೆಗೆ ಉಪಾಧ್ಯಾಯಿನಿಯಾಗಿ ನಾನು ಸೇರಿ ಇನ್ನೂ ಒಂದು ವಾರವಾಗಿರಲಿಲ್ಲ. ಚುನಾವಣೆಯ ದಿನ ಶಾಲೆಯೇ ಮತಗಟ್ಟೆಯಾಗುತ್ತದೆ, ಮಕ್ಕಳಿಗೆ ರಜೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಹೊಸ ಕೆಲಸದ ಗಾಬರಿಯಲ್ಲಿ ಅದು ಕಿವಿಗೆ ಬಿದ್ದಿರಲಾರದು. ಬಣ್ಣದ ಕಾಗದದ ಕಟ್ಟನ್ನು ಎದೆಗೆ ಅವಚಿಕೊಂಡು ಬೆಳಿಗ್ಗೆ ಬೇಗನೆ ಬಂದು ಬಾಗಿಲು ತಳ್ಳಿದೆ.

“ಹೆಸರು, ವಿಳಾಸ ಹೇಳಿ,” ಎಂದಳು ಕುರ್ಚಿಯಲ್ಲಿದ್ದವಳು.

“ನಾನು ಪಾಠ ಮಾಡೋಕೆ ಬಂದೆ.”

“ಇವತ್ತು ಪಾಠ ಇಲ್ಲ ಮಿಸ್. ಇವತ್ತು ದೇಶಕ್ಕೇ ಪರೀಕ್ಷೆ. ಆ ಕಾಗದ ಅಲ್ಲಿಟ್ಟು ಟೀ ಕುಡೀರಿ, ನೀರು ಕಾದಿದೆ.”

ಅಷ್ಟರಲ್ಲಿ ಕಲ್ಲುಗಣಿಯ ಧೂಳು ಮೆತ್ತಿದ ಬೂಟು ತೊಟ್ಟ ಒಬ್ಬರು ಒಳಗೆ ಬಂದರು. ಅವರೇ ಆಮೋಸ್ ಮೆಟ್‌ಕಾಫ್. ಮತಪೆಟ್ಟಿಗೆಗೆ ಬೀಗ ಹಾಕುವ ಮೊದಲು ಅದು ಖಾಲಿ ಇದೆಯೆಂದು ಅಲ್ಲಿದ್ದವರಿಗೆ ತೋರಿಸಬೇಕೆಂಬ ನಿಯಮವುಂಟು. ಬೇರೆ ಊರುಗಳಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ನಮ್ಮ ಊರಿನಲ್ಲಿ ಮಾತ್ರ ಆಮೋಸ್ ಅದನ್ನು ತಮಗೆ ಕೊಟ್ಟ ಹುದ್ದೆಯೆಂದೇ ತಿಳಿದಿದ್ದರು. ಪ್ರತಿ ಚುನಾವಣೆಯಲ್ಲೂ ಮೊದಲ ಮತದಾರ ಅವರೇ. ಅಂದು ಅಧಿಕಾರಿ ಪೆಟ್ಟಿಗೆಯನ್ನು ವಾಲಿಸಿದಾಗ, ತಮ್ಮ ಟೋಪಿ ತೆಗೆದು, ತಲೆಯನ್ನು ಹೆಚ್ಚುಕಡಿಮೆ ಪೆಟ್ಟಿಗೆಯ ಒಳಗೇ ಇಟ್ಟು ನೋಡಿದರು.

“ಇಲಿ ಕೂಡ ಇಲ್ಲ. ಬೀಗ ಹಾಕ್ರಿ,” ಎಂದರು. ಆಮೇಲೆ ನನ್ನ ಕಡೆ ಕೈ ತೋರಿಸಿ, “ಹುಡುಗಿ, ಯಾರಿವರು?” ಎಂದು ಏವ್ರಿಲ್‌ಳನ್ನು ಕೇಳಿದರು.

“ಹೊಸ ಟೀಚರ್, ಆಮೋಸ್.”

“ಹಂಗಾದ್ರೆ ಅವರೂ ಒಂದ್ಸಲ ಬಗ್ಗಿ ನೋಡ್ಲಿ. ಓದಿದವರ ಸಾಕ್ಷಿ ಇದ್ರೆ ಗಟ್ಟಿ.”

ನಾನೂ ಬಗ್ಗಿ ನೋಡಿದೆ. ಹೀಗೆ ಒಂದೇ ಬೆಳಿಗ್ಗೆ ನನಗೆ ಇಬ್ಬರ ಪರಿಚಯವಾಯಿತು.

ಏವ್ರಿಲ್ ನಮ್ಮ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಚುನಾವಣೆ ಬಂದಾಗ ಮಾತ್ರ ಮತಗಟ್ಟೆಯ ಗುಮಾಸ್ತೆ. ಅವಳ ಗಂಡ ಡೆರೆಕ್ ಲಾರಿ ಓಡಿಸುತ್ತಿದ್ದನು. ಮಗ ಕಾರ್ಲ್ ನನ್ನ ತರಗತಿಯಲ್ಲೇ ಓದಿದನು. ಶುಕ್ರವಾರ ಮಕ್ಕಳಿಗೆ ಕಾಕಂಬಿ ಪುಡಿಂಗ್ ಕೊಡುತ್ತಿದ್ದರು. ಪಾತ್ರೆಯಲ್ಲಿ ಉಳಿದದ್ದನ್ನು ಎರಡನೆಯ ಸಲ ಬಡಿಸುವಾಗ ಏವ್ರಿಲ್ ತನ್ನ ಮಗನನ್ನು ಸಾಲಿನ ಕಟ್ಟಕಡೆಗೆ ನಿಲ್ಲಿಸುತ್ತಿದ್ದಳು. ಅವನ ಸರದಿ ಬರುವಷ್ಟರಲ್ಲಿ ಸೌಟಿಗೆ ತಳ ಮಾತ್ರ ಸಿಗುತ್ತಿತ್ತು.

“ಪಾಪ, ಅವನೂ ಮಗುವೇ ಅಲ್ವೇನೇ?” ಎಂದು ನಾನು ಒಮ್ಮೆ ಗದರಿದೆ.

“ನನ್ನ ಮಗ ಅನ್ನೋದಕ್ಕೇ ಮಿಸ್. ನಾಳೆ ಯಾರೂ ಬಾಯಿ ಮಾಡಬಾರದು ನೋಡಿ.”

ಯಾರೂ ಬಾಯಿ ಮಾಡಬಾರದು ಎಂಬ ಈ ಎಚ್ಚರಿಕೆ ಅವಳ ಹುಟ್ಟುಗುಣ. ಊರು ಅದಕ್ಕಾಗಿ ಅವಳನ್ನು ಹೊಗಳಿತು, ನಾನೂ ಹೊಗಳಿದೆ. ಹತ್ತಾರು ವರ್ಷಗಳಾದ ಮೇಲೆ ಅವಳನ್ನೇ ನಮ್ಮ ಮತಗಟ್ಟೆಯ ಅಧಿಕಾರಿಯನ್ನಾಗಿ ಮಾಡಿದರು. ಮೊದಲ ಬಾರಿಗೆ ಪೆಟ್ಟಿಗೆಯನ್ನು ಆಮೋಸರ ಮುಂದೆ ವಾಲಿಸಿದ ದಿನ ಅವಳ ಕೈಯಿಂದ ಬೀಗ ಎರಡು ಸಲ ಜಾರಿ ಬಿತ್ತಂತೆ. “ಹೆದರಬೇಡ ಹುಡುಗಿ, ನಾನು ಪೆಟ್ಟಿಗೆ ನೋಡ್ತೀನಿ, ನಿನ್ನ ನೋಡಲ್ಲ,” ಎಂದರಂತೆ ಅವರು.

ಆಮೋಸ್ ಲೇಬರ್ ಪಕ್ಷದವರು. ಅದು ಗುಟ್ಟೇನೂ ಅಲ್ಲ. ಚುನಾವಣೆ ಬಂತೆಂದರೆ ಅವರ ಕಿಟಕಿಯಲ್ಲಿ ಕೆಂಪು ಭಿತ್ತಿಪತ್ರ ಮೇಲೇರುತ್ತಿತ್ತು. ನಮ್ಮ ಕಣಿವೆಯಾದರೋ ನನಗೆ ತಿಳಿದಂದಿನಿಂದ ಕನ್ಸರ್ವೇಟಿವರದು. ಅವರು ಯಾರನ್ನು ನಿಲ್ಲಿಸಿದರೂ ಗೆಲುವು ಅವರದೇ. ಮತದಾನ ಯಾವಾಗಲೂ ಗುರುವಾರ. ಮರುದಿನ ಶುಕ್ರವಾರ ಆಮೋಸ್ ಶಾಲೆಯ ಅಡುಗೆಮನೆಯ ಹಿಂಬಾಗಿಲಿಗೆ ಬಂದು ಟೋಪಿ ತೆಗೆಯುವರು. ಏವ್ರಿಲ್ ಟೀ ಕೊಡುವಳು.

“ಎಷ್ಟರಲ್ಲಿ ಸೋತ್ವಿ ಹುಡುಗಿ?”

“ಹೋದ ಸಲಕ್ಕಿಂತ ವಾಸಿ, ಆಮೋಸ್.”

“ನನ್ನ ಕೈ ತಾಗಿದವರೆಲ್ಲ ಸೋತಿದ್ದಾರೆ. ನಮ್ಮ ಪಕ್ಷದವರು ಬುದ್ಧಿವಂತರಾಗಿದ್ರೆ ದುಡ್ಡು ಕೊಟ್ಟು ನನ್ನನ್ನ ಎದುರು ಪಕ್ಷಕ್ಕೆ ಕಳಿಸ್ತಿದ್ರು!”

ವರ್ಷಗಳು ಹೀಗೆ ಹೋದವು. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿತು. ಕಟ್ಟಡ ಊರಿನ ಸಭಾಭವನವಾಯಿತು. ಡೆರೆಕ್ ತೀರಿಕೊಂಡನು. ಮತಗಟ್ಟೆ ಮಾತ್ರ ಅದೇ ಕೋಣೆಯಲ್ಲಿ ಉಳಿಯಿತು. ಆಮೋಸರ ಶುಕ್ರವಾರದ ಟೀ ಏವ್ರಿಲ್‌ಳ ಮನೆಯ ಹಿಂಬಾಗಿಲಿಗೆ ಬಂತು. ಆಮೇಲೆ ಎರಡು ಬದಲಾವಣೆಗಳು ಒಟ್ಟಿಗೇ ಬಂದವು. ಕ್ಷೇತ್ರ ಪುನರ್ವಿಂಗಡಣೆಯಲ್ಲಿ ನಮ್ಮ ಹಳ್ಳಿಯನ್ನು ಹಳೆಯ ಕ್ಷೇತ್ರದಿಂದ ಬಿಡಿಸಿ, ಗುಡ್ಡದಾಚೆಯ ಥಾರ್ನ್‌ಬ್ರಿಗ್ ಪಟ್ಟಣಕ್ಕೆ ಸೇರಿಸಿದರು. “ನಕ್ಷೆ ಬರೆಯೋರಿಗೆ ನಡುವೆ ಗುಡ್ಡ ಇರೋದು ಕಾಣಲ್ವೇನು?” ಎಂದು ಆಮೋಸ್ ಬೈದರು. ಎರಡನೆಯದು, ಮತ ಹಾಕಲು ಭಾವಚಿತ್ರವಿರುವ ಗುರುತಿನ ಚೀಟಿ ಬೇಕೆಂಬ ಕಾನೂನು.

ಎರಡು ಸಾವಿರದ ಇಪ್ಪತ್ತನಾಲ್ಕರ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಏವ್ರಿಲ್‌ಳ ತಂಗಿ ಗ್ಲೆನಿಸ್ ಮತ ಹಾಕಲು ಬಂದಳು. ಚೀಟಿ ಕೈಯಲ್ಲಿತ್ತು, ಆದರೆ ಏವ್ರಿಲ್ ಅದನ್ನು ನೋಡದೆ, “ಹೋಗೇ, ಹೋಗು,” ಎಂದು ಮತಪತ್ರ ಕೊಟ್ಟುಬಿಟ್ಟಳು. ಸಾಲಿನಲ್ಲಿದ್ದ ಮಿಸೆಸ್ ಪಿಕರ್ಸ್‌ಗಿಲ್ ಪಟ್ಟಣದ ಚುನಾವಣಾ ಕಚೇರಿಗೆ ದೂರು ಕೊಟ್ಟರು. ಕಚೇರಿಯವರು ಏವ್ರಿಲ್‌ಳನ್ನು ಕರೆಸಿ, ಹೊಸಬರ ಜೊತೆಯಲ್ಲಿ ಮತ್ತೊಮ್ಮೆ ತರಬೇತಿಗೆ ಕೂರಿಸಿದರು. ಜೀವಮಾನದಲ್ಲಿ ಮೊದಲ ಸಲ ಅವಳ ಬಗ್ಗೆ ಒಬ್ಬರು ಬಾಯಿ ಮಾಡಿದ್ದರು.

ಜುಲೈಯಲ್ಲಿ ಸಾರ್ವತ್ರಿಕ ಚುನಾವಣೆ ಬಂತು. ಎಂಬತ್ತು ದಾಟಿದ ಆಮೋಸ್ ಕೋಲೂರಿಕೊಂಡು ಏಳು ಗಂಟೆಗೆ ಸರಿಯಾಗಿ ಬಂದರು. ಹಿಂದೆ ನಾಲ್ಕು ಜನ ಸಾಲಾಗಿ ನಿಂತಿದ್ದರು. ಮಿಸೆಸ್ ಪಿಕರ್ಸ್‌ಗಿಲ್ ಕೂಡ ಅವರಲ್ಲಿ ಒಬ್ಬರು. ಏವ್ರಿಲ್ ಪೆಟ್ಟಿಗೆಯನ್ನು ವಾಲಿಸಿದಳು. “ಇಲಿ ಕೂಡ ಇಲ್ಲ,” ಎಂದರು ಆಮೋಸ್. ಅವಳು ಬೀಗಮುದ್ರೆ ಹಾಕಿದಳು. ಆಮೇಲೆ ಅವರು ಜೇಬಿನಿಂದ ಹಿರಿಯರ ಬಸ್ ಪಾಸನ್ನು ತೆಗೆದು ಮೇಜಿನ ಮೇಲಿಟ್ಟರು. ಅದರ ಅವಧಿ ಹಿಂದಿನ ತಿಂಗಳು ಮುಗಿದಿತ್ತು. ನಮ್ಮ ಊರಿಗೆ ಬಸ್ಸೇ ನಿಂತುಹೋದ ಮೇಲೆ ಪಾಸನ್ನು ಹೊಸದು ಮಾಡಿಸುವ ಗೋಜಿಗೆ ಅವರು ಹೋಗಿರಲಿಲ್ಲ.

“ದಿನಾಂಕ ಮುಗಿದಿದೆ, ಮಿಸ್ಟರ್ ಮೆಟ್‌ಕಾಫ್,” ಎಂದಳು ಏವ್ರಿಲ್. ಆ ಹೆಸರಿನಿಂದ ಅವಳು ಅವರನ್ನು ಎಂದೂ ಕರೆದಿರಲಿಲ್ಲ.

“ದಿನಾಂಕ ಮುಗಿದಿದೆ. ನಾನು ಇನ್ನೂ ಮುಗಿದಿಲ್ಲ ಹುಡುಗಿ.”

ಯಾರೋ ನಕ್ಕರು. ಏವ್ರಿಲ್ ನಗಲಿಲ್ಲ. “ಬೇರೆ ಚೀಟಿ ಇದ್ರೆ ತಗೊಂಡು ಬನ್ನಿ. ಇದಕ್ಕೆ ಮತಪತ್ರ ಕೊಡೋಕಾಗಲ್ಲ.”

ಆಮೋಸ್ ಒಂದು ಗಳಿಗೆ ಅವಳ ಮುಖವನ್ನೇ ನೋಡಿದರು. ಪಾಸನ್ನು ಜೇಬಿಗೆ ಹಾಕಿದರು. ಸಾಲಿನಲ್ಲಿದ್ದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಕೋಲಿನ ಸದ್ದು ಅಂಗಳ ದಾಟುವವರೆಗೂ ಕೇಳುತ್ತಿತ್ತು ಎಂದು ಗುಮಾಸ್ತೆ ಬ್ರೆಂಡಾ ಆಮೇಲೆ ನನಗೆ ಹೇಳಿದಳು.

ನಾನು ಮತ ಹಾಕಲು ಹೋದಾಗ ಹತ್ತು ಗಂಟೆಯಾಗಿರಬಹುದು. ಏವ್ರಿಲ್ ಬಾಗಿಲಲ್ಲೇ ನನ್ನ ತೋಳು ಹಿಡಿದುಕೊಂಡಳು.

“ಮಿಸ್, ಒಂದು ಉಪಕಾರ ಮಾಡಿ. ನಾನು ಮತಗಟ್ಟೆ ಬಿಟ್ಟು ಕದಲೋ ಹಾಗಿಲ್ಲ. ಆಮೋಸ್ ಮನೆಗೆ ಹೋಗಿ. ಬ್ರೆಂಡಾ ಈಗ ಪುಸ್ತಕ ತೆಗೆದು ನೋಡಿದ್ಲು, ಅವಧಿ ಮುಗಿದ ಪಾಸೂ ನಡೆಯುತ್ತಂತೆ. ಭಾವಚಿತ್ರ ಅವರ ಹಾಗೇ ಇದ್ರೆ ಸಾಕಂತೆ. ನಾನು ತಪ್ಪು ಮಾಡಿಬಿಟ್ಟೆ. ಕರ್ಕೊಂಡು ಬನ್ನಿ.”

ಬ್ರೆಂಡಾ ಮೇಜಿನ ಮೇಲಿದ್ದ ಕೈಪಿಡಿಯನ್ನು ತೆರೆದು ಕುಳಿತಿದ್ದಳು. ತಲೆ ಎತ್ತಲಿಲ್ಲ.

ಆಮೋಸ್ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದರು. ಕಿಟಕಿಯಲ್ಲಿ ಕೆಂಪು ಭಿತ್ತಿಪತ್ರ ಹಾಗೆಯೇ ಇತ್ತು. ನಾನು ವಿಷಯ ತಿಳಿಸಿದೆ. ಅವರ ಬೆರಳು ನಿಲ್ಲಲಿಲ್ಲ.

“ಪೆಟ್ಟಿಗೆ ಖಾಲಿ ಇದೆ ಅಂತ ಸಾಕ್ಷಿ ಹೇಳೋಕೆ ನನ್ನ ಮುಖ ಸಾಕಾಯ್ತು ಮಿಸ್. ಅದರೊಳಗೆ ಕಾಗದ ಹಾಕೋಕೆ ಸಾಕಾಗಲಿಲ್ಲ.”

“ತಪ್ಪು ತನ್ನದೇ ಅಂತ ಅವಳೇ ಹೇಳಿ ಕಳಿಸಿದ್ದಾಳೆ, ಆಮೋಸ್.”

“ಕಳಿಸಿದ್ದು ಜನರ ಎದುರಿಗೆ. ಈಗ ಕರೆಯೋದು ಹಿತ್ತಲ ಬಾಗಿಲಿಂದ. ನೀವು ಟೀ ಕುಡೀತೀರಾ?”

ನಾನು ಟೀ ಕುಡಿದೆ. ಮತ್ತೆ ಕೇಳಿದೆ. ಅವರು ಬಟಾಣಿಯ ಸಿಪ್ಪೆಗಳನ್ನು ಗೋರಿಕೊಂಡು ಹಿತ್ತಲಿಗೆ ಹೋದರು, ಹಿಂತಿರುಗಿ ಬರಲಿಲ್ಲ.

ಆ ದಿನ ಬಾಗಿಲ ಸದ್ದಾದಾಗಲೆಲ್ಲ ಏವ್ರಿಲ್ ಎದ್ದು ನಿಲ್ಲುತ್ತಿದ್ದಳಂತೆ. ಮತದಾನ ಮುಗಿಯುವವರೆಗೂ ಆಮೋಸ್ ಬರಲಿಲ್ಲ.

ಮರುದಿನ ರೇಡಿಯೋದಲ್ಲಿ ನಮ್ಮ ಹೊಸ ಕ್ಷೇತ್ರದ ಫಲಿತಾಂಶ ಬಂತು. ಗೆದ್ದದ್ದು ಲೇಬರ್, ಅದೂ ಸಾವಿರಾರು ಮತಗಳಿಂದ. ಗುಡ್ಡದಾಚೆಯ ಪಟ್ಟಣ ನಮ್ಮ ಕಣಿವೆಯನ್ನು ತನ್ನ ಜೊತೆಗೆ ಎಳೆದುಕೊಂಡು ಹೋಗಿತ್ತು. ಆಮೋಸರ ಆಯುಷ್ಯದಲ್ಲಿ ಅವರ ಕಡೆಯವರು ಗೆದ್ದದ್ದು ಅದೊಂದೇ ಸಲ. ಅವರ ಮತವಿಲ್ಲದೆ ಗೆದ್ದದ್ದೂ ಅದೊಂದೇ ಸಲ.

ನಾನು ಏವ್ರಿಲ್‌ಳ ಮನೆಗೆ ಹೋದೆ. ಹಗಲಾದರೂ ಪರದೆ ಎಳೆದಿತ್ತು. ಗ್ಲೆನಿಸ್ ಅಕ್ಕನ ಎದುರು ಕುಳಿತು, “ಅಷ್ಟು ಸಾವಿರದಲ್ಲಿ ಒಂದು ಓಟು ಹೋದ್ರೆ ಏನೇ? ಫಲಿತಾಂಶ ಬದಲಾಯ್ತಾ?” ಎಂದು ಸಮಾಧಾನ ಹೇಳುತ್ತಿದ್ದಳು.

“ಬದಲಾಗಿಲ್ಲ ಕಣೇ, ಅದಕ್ಕೇ,” ಎಂದಳು ಏವ್ರಿಲ್. “ಅಷ್ಟು ಸಾವಿರ ಜನ ಗೆದ್ರು. ಅವರೊಬ್ಬರು ಮಾತ್ರ ಅದರಲ್ಲಿ ಇಲ್ಲ. ಪಾಪದ ಮುದುಕ, ಜೀವಮಾನವೆಲ್ಲ ಸೋತವರ ಸಾಲಲ್ಲಿ ತಪ್ಪದೆ ನಿಂತಿದ್ರು. ಗೆದ್ದ ದಿನ ನಾನೇ ಮನೆಗೆ ಕಳಿಸಿದೆ.”

ಆ ಶುಕ್ರವಾರ ಅವಳು ಟೀಗೆ ನೀರಿಟ್ಟು ಹಿಂಬಾಗಿಲ ಅಗುಳಿ ತೆಗೆದಿಟ್ಟಿದ್ದಳು. ಯಾರೂ ಬರಲಿಲ್ಲ.

ಚುನಾವಣೆಯ ಕೆಲಸವನ್ನು ಅವಳು ಬಿಟ್ಟುಬಿಟ್ಟಳು. ಕಚೇರಿಯವರು ಬೇಡವೆನ್ನಲಿಲ್ಲ, ಇವಳೇ ಒಲ್ಲೆನೆಂದಳು. ಆಮೋಸರಿಗಾಗಿ ತನ್ನ ಕೋಳಿಗಳ ಮೊಟ್ಟೆಗಳನ್ನು ಅವರ ಗೇಟಿನ ಬಳಿ ಇಟ್ಟು ಬರುತ್ತಿದ್ದಳು. ಅವರು ಅವನ್ನು ತೆಗೆದುಕೊಂಡರು. ಅಂಗಡಿಯಲ್ಲಿ ಎದುರಾದಾಗ, “ಮೊಟ್ಟೆ ಚೆನ್ನಾಗಿದ್ವು, ಮಿಸೆಸ್ ಓಲ್ಡ್‌ರಾಯ್ಡ್. ಥ್ಯಾಂಕ್ಸ್,” ಎಂದು ಟೋಪಿ ತೆಗೆದರು. ಹುಡುಗಿ ಎನ್ನಲಿಲ್ಲ. ಅಂದು ಅವಳು ಬ್ರೆಡ್ಡು ಕೊಳ್ಳುವುದನ್ನು ಮರೆತು ಮನೆಗೆ ಹೋದಳು. ಅವರು ಜಗಳವಾಡಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಮಾರನೆಯ ವಸಂತದಲ್ಲಿ ಒಂದು ಉಪಚುನಾವಣೆ ಬಂತು. ಏವ್ರಿಲ್ ಕೋಟು ಹಾಕಿಕೊಂಡು ನನ್ನ ಬಾಗಿಲು ತಟ್ಟಿದಳು. “ಮಿಸ್, ಬನ್ನಿ ನನ್ನ ಜೊತೆ. ಮನೆಮನೆಗೂ ಹೋಗಿ ಹೇಳಬೇಕು. ವಯಸ್ಸಾದವರಿಗೆ ಈ ನಿಯಮ ಯಾರು ಹೇಳ್ತಾರೆ?” ನಾವಿಬ್ಬರೂ ಹೊರಟೆವು. ಪ್ರತಿ ಬಾಗಿಲಲ್ಲೂ ಅವಳು ಚೀಟಿ ತೋರಿಸಲು ಹೇಳಿ, ಕನ್ನಡಕ ಏರಿಸಿ ನೋಡುವಳು. ಚೀಟಿಯೇ ಇಲ್ಲದವರಿಗೆ ಕಚೇರಿಯಿಂದ ಪುಕ್ಕಟೆ ಮಾಡಿಸಿಕೊಡುವಳು. ಆಮೋಸರ ಗೇಟು ಬಂದಾಗ ಮಾತ್ರ ಅದರ ಚಿಲಕವನ್ನು ಮುಟ್ಟಿ, ಕೈ ಹಿಂದಕ್ಕೆ ತೆಗೆದು, “ಮುಂದಿನ ಮನೆ,” ಎನ್ನುವಳು.

ಎರಡನೆಯ ಸಲ ಹಾಗೆಯೇ ದಾಟಿ ಹೋಗುತ್ತಿದ್ದಾಗ, ಅವರೆಕಾಯಿಯ ಪಾತಿಯ ಹಿಂದಿನಿಂದ ಧ್ವನಿ ಬಂತು.

“ಮಿಸೆಸ್ ಓಲ್ಡ್‌ರಾಯ್ಡ್! ನಮ್ಮ ಮನೆ ಈ ಕ್ಷೇತ್ರಕ್ಕೆ ಸೇರಿಲ್ವೋ? ಮತ್ತೆ ಗಡಿ ಬದಲಾಯಿಸಿದ್ರೋ?”

ಏವ್ರಿಲ್ ನಿಂತಳು. ಆಮೋಸ್ ಗೋಡೆಯ ಬಳಿಗೆ ಬಂದು, ಜೇಬಿನಿಂದ ಅದೇ ಹಳೆಯ ಬಸ್ ಪಾಸನ್ನು ತೆಗೆದು ಕಲ್ಲಿನ ಮೇಲಿಟ್ಟರು.

“ಇದು ನಡೆಯುತ್ತಾ?”

ಅವಳು ಅದನ್ನು ನೋಡಿದಳು. ಅವರ ಮುಖವನ್ನು ನೋಡಲಿಲ್ಲ. “ನಡೆಯುತ್ತೆ.”

“ಆವತ್ತೂ ನಡೀತಿತ್ತಾ?”

“ನಡೀತಿತ್ತು.”

“ನಿಮಗೆ ಆಮೇಲೆ ಗೊತ್ತಾಯ್ತೋ, ಆಗಲೇ ಗೊತ್ತಿತ್ತೋ?”

ಗೊತ್ತಿರಲಿಲ್ಲವೆಂದೇ ನಾನೂ ಊರವರೂ ನಂಬಿದ್ದೆವು. ಏವ್ರಿಲ್‌ಳ ಕುತ್ತಿಗೆ ಕಿವಿಯವರೆಗೂ ಕೆಂಪಾಯಿತು.

“ತರಬೇತೀಲಿ ಹೇಳಿದ್ರು ಅಂತ ಅನುಮಾನ ಇತ್ತು, ಆಮೋಸ್. ಪುಸ್ತಕ ಮೇಜಿನ ಮೇಲೇ ಇತ್ತು. ತೆಗೆದು ನೋಡಲಿಲ್ಲ. ಪಿಕರ್ಸ್‌ಗಿಲ್ ನಿಂತಿದ್ರು. ತನಗೆ ಬೇಕಾದವರಿಗೋಸ್ಕರ ಪುಸ್ತಕ ತಿರುವಿ ಹಾಕಿದ್ಲು ಅಂತಾರಲ್ಲ ಅಂದ್ಕೊಂಡೆ. ಬೇರೆ ಯಾರೇ ಆಗಿದ್ರೂ ತೆಗೆದು ನೋಡ್ತಿದ್ದೆ.”

ಆಮೋಸ್ ಪಾಸನ್ನು ಎತ್ತಿಕೊಂಡು ಅಂಗಿಗೆ ಒರೆಸಿದರು.

“ಹ್ಞೂಂ. ಅದೇ ನಾನು ಕೇಳಬೇಕಾಗಿದ್ದದ್ದು,” ಎಂದು ಪಾತಿಯ ಕಡೆಗೆ ತಿರುಗಿದರು. ಹುಡುಗಿ ಎಂದು ಅಂದೂ ಕರೆಯಲಿಲ್ಲ. ಮಿಸೆಸ್ ಓಲ್ಡ್‌ರಾಯ್ಡ್ ಎಂದೂ ಕರೆಯಲಿಲ್ಲ.

ಅವರು ಮುಂದೆ ಮತ ಹಾಕಲು ಬರುತ್ತಾರೋ ಇಲ್ಲವೋ ನಮಗೆ ತಿಳಿಯದು. ಮತಗಟ್ಟೆಗೆ ಈಗ ಪಟ್ಟಣದಿಂದ ಬೇರೆ ಅಧಿಕಾರಿ ಬರುತ್ತಾರೆ. ಏವ್ರಿಲ್ ಮಾತ್ರ ಸಂಜೆ ಕಳೆದ ಮೇಲೆ ಹೋಗಿ ಕೊನೆಯವಳಾಗಿ ಮತ ಹಾಕುತ್ತಾಳೆ. ಬೆಳಗಿನ ಏಳು ಗಂಟೆಯ ಜಾಗ ತನ್ನದಲ್ಲವೆಂದು ಅವಳ ಮನಸ್ಸಿನಲ್ಲಿದೆ. ಮೊಣಕಾಲು ನೋವಿದ್ದರೂ ಮನೆಮನೆ ತಿರುಗುವುದನ್ನು ಬಿಟ್ಟಿಲ್ಲ. ಈ ವಾರ ನಾವು ಗಿರಣಿ ಬೀದಿಯಲ್ಲಿದ್ದೇವೆ. ಅಲ್ಲಿನ ಮುದುಕಿಯರು ಡಬ್ಬಿಗಳಿಂದ, ಕೈಚೀಲಗಳಿಂದ ಹಳೆಯ ಪಾಸುಗಳನ್ನು ಹುಡುಕಿ ತಂದು ಅವಳ ಕೈಗಿಡುತ್ತಾರೆ. ಅವಳು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಹಿಂದಿರುಗಿಸುತ್ತಾಳೆ.

“ದಿನಾಂಕ ದಾಟಿದ್ರೂ ಪರವಾಗಿಲ್ಲ ಕಣಮ್ಮ. ಮುಖ ನಿಮ್ಮದಾದ್ರೆ ಸಾಕು.”