ಹೊಗಳಲಾರದ ಬಾಯಿ

ಮೂವತ್ತೊಂದು ವರ್ಷ ಸಿನಿಮಾದಲ್ಲಿ ದುಡಿದರೂ ಹಿಕ್ಮತ್ ಪರದೆಯ ಮೇಲೆ ಒಂದೇ ಒಂದು ಮಾತಾಡಿರಲಿಲ್ಲ. ಅತ್ತಿದ್ದಳು, ಅದೂ ಎಂಥ ಅಳು! ಕೈರೋದ ಸಿನಿಮಾಗಳಲ್ಲಿ ಯಾವ ನಾಯಕನ ಅಪ್ಪ ಸತ್ತರೂ ಕಪ್ಪು ಬಟ್ಟೆ ತೊಟ್ಟು ಎದೆ ಬಡಿದುಕೊಳ್ಳುವವರ ಮೊದಲ ಸಾಲಿನಲ್ಲಿ ಅವಳೇ. ಇಂಬಾಬಾದ ಅವಳ ಗಲ್ಲಿಯಲ್ಲಿ ಮಾತ್ರ ಆಕೆಯ ಬಾಯಿ ಮುಚ್ಚಿಸುವ ಗಂಡಸು ಇನ್ನೂ ಹುಟ್ಟಿರಲಿಲ್ಲ. ತರಕಾರಿಯವನಿಂದ ಹಿಡಿದು ಸ್ವಂತ ಮಗ ಸಾಬಿರ್‌ವರೆಗೆ ಎಲ್ಲರೂ ಆ ನಾಲಿಗೆಗೆ ಹೆದರುವವರೇ. ಇಂಥವಳನ್ನು ಇಷ್ಟು ವರ್ಷ ಮೂಕಿಯಾಗಿ ಕೂರಿಸಿದ ಸಿನಿಮಾದವರ ಬುದ್ಧಿಗೆ ಏನು ಹೇಳೋಣ!

ಅರವತ್ತೆರಡನೇ ವಯಸ್ಸಿನಲ್ಲಿ ಕೊನೆಗೂ ಅದೃಷ್ಟ ಖುಲಾಯಿಸಿತು. ಭಾರ ಎತ್ತುವ ಸ್ಪರ್ಧೆಗಿಳಿದ ಹುಡುಗಿಯೊಬ್ಬಳ ಕಥೆ. ಅವಳ ತಾಯಿಯ ಪಾತ್ರ ಹಿಕ್ಮತ್‌ಗೆ. ಕೊನೆಯ ಪಂದ್ಯದಲ್ಲಿ ಮಗಳು ಭಾರದ ಕಂಬಿ ಎತ್ತುವಾಗ ತಾಯಿ ಪ್ರೇಕ್ಷಕರ ನಡುವೆ ಎದ್ದು ನಿಂತು, “ನನ್ನ ಮಗಳು ಲೋಕಕ್ಕೇ ಬಲಶಾಲಿ! ಅವಳಿಗೆ ಸಮ ಯಾರೂ ಇಲ್ಲ!” ಎಂದು ಕೂಗಬೇಕು. ಅಷ್ಟೇ ಮಾತು. ಆದರೆ ಮಾತು! ಹಿಕ್ಮತ್ ಗಲ್ಲಿಗೆಲ್ಲ ಡಂಗುರ ಹೊಡೆದಳು. ಮನೆಯಲ್ಲಿ ಫ್ರಿಜ್ಜಿನ ಎದುರು ನಿಂತು ವಾರವಿಡೀ ಅಭ್ಯಾಸ ಮಾಡಿದಳು. ಫ್ರಿಜ್ಜನ್ನು ಹೊಗಳುವುದಕ್ಕೆ ಯಾವ ತೊಂದರೆಯೂ ಆಗಲಿಲ್ಲ.

ತೊಂದರೆ ಶುರುವಾದದ್ದು ಶುಬ್ರಾದ ಆಟದ ಅಂಗಣದಲ್ಲಿ, ಮುನ್ನೂರು ಜನರ ಮುಂದೆ. ಮೊದಲ ಸಲ ಮಾತು ಸರಿಯಾಗಿಯೇ ಬಂತು, ಆದರೆ ಅದರ ಬೆನ್ನಿಗೇ, “ಮಾಶಾ ಅಲ್ಲಾ! ಕಣ್ಣು ಹಾಕಿದವರ ಕಣ್ಣು ಸಿಡೀಲಿ!” ಎಂಬುದೂ ಬಂತು. ಎರಡನೇ ಸಲ ನಾಲಿಗೆ ಕಚ್ಚಿಕೊಂಡಳು. ಕೈ ಮಾತ್ರ ತಾನಾಗಿಯೇ ಮೇಲೆದ್ದು ಐದೂ ಬೆರಳು ಅಗಲಿಸಿ ಕ್ಯಾಮೆರಾಗೇ ದೃಷ್ಟಿ ತೆಗೆಯಿತು. ಮೂರನೇ ಸಲ “ಲೋಕಕ್ಕೇ” ಎನ್ನುವಷ್ಟರಲ್ಲಿ ಸುತ್ತ ಕೂತವರ ಮುಖಗಳನ್ನು ನೋಡಿ, ಎದೆಯ ಮೇಲೆ ಮೂರು ಸಲ ಥೂ ಥೂ ಎಂದು ಉಗಿದುಕೊಂಡು ಕೂತೇಬಿಟ್ಟಳು.

ನಿರ್ದೇಶಕ ಶುಕ್ರಿ ತಲೆ ಚಚ್ಚಿಕೊಂಡ. “ಅಮ್ಮಾ ತಾಯಿ, ಇದು ಸಿನಿಮಾ! ಆ ಕಂಬೀಲಿರೋದು ಬರೀ ಥರ್ಮಾಕೋಲು!”

“ಹುಡುಗಿ ಥರ್ಮಾಕೋಲಲ್ಲವಲ್ಲಪ್ಪ!” ಎಂದಳು ಹಿಕ್ಮತ್.

“ಊಟ ಆದ್ಮೇಲೆ ಇನ್ನೊಂದೇ ಸಲ. ಆಗ್ಲೂ ಬರ್ಲಿಲ್ಲ ಅಂದ್ರೆ ಆ ಮಾತು ಕೋಚ್ ಪಾತ್ರದ ಲುತ್ಫಿಗೆ. ನೀವು ಸುಮ್ನೆ ಕೂತು ಅಳಿ.”

ಹಿಕ್ಮತ್‌ಳ ಹತ್ತಿರ ಇನ್ನೊಂದು ಮೂವತ್ತು ವರ್ಷ ಕಾಯಲು ಆಯುಸ್ಸಾದರೂ ಎಲ್ಲಿತ್ತು?

ಊಟಕ್ಕೆ ಅನ್ನ-ಬೇಳೆ ಕಲಸಿದ ಕುಶರಿ ಬಂದಿತ್ತು. ಲುತ್ಫಿ ಮತ್ತು ಮಗಳ ಪಾತ್ರದ ನಾಯಕಿ ಶಹೀರಾ ತಟ್ಟೆ ಹಿಡಿದು ಹಿಕ್ಮತ್‌ಳ ಪಕ್ಕದಲ್ಲೇ ಕೂತು ನಟನೆಯ ಮಾತಿಗೆ ಇಳಿದರು.

“ಪಾತ್ರದೊಳಗೆ ಇಳೀಬೇಕು ಕಣೆ,” ಎಂದ ಲುತ್ಫಿ. “ನಾಲ್ಕು ತಿಂಗಳಿಂದ ಈ ಸೀಟಿ ಕತ್ತಲ್ಲೇ ಇಟ್ಕೊಂಡು ಮಲಗ್ತಾ ಇದೀನಿ.”

“ನಿನ್ ಹೆಂಡ್ತಿ ಏನಂತಾಳೆ?”

“ಅವಳು ತವರಲ್ಲಿದಾಳೆ.”

ಶಹೀರಾ ನಕ್ಕು ತನ್ನ ಅಂಗೈಯ ಜಡ್ಡು ತೋರಿಸಿದಳು. “ಆರು ತಿಂಗಳು ನಿಜವಾದ ಕಬ್ಬಿಣ ಎತ್ತಿದೀನಿ. ಇಲ್ಲಿ ಥರ್ಮಾಕೋಲು ಎತ್ತುವಾಗ ಮುಖ ಸುಳ್ಳು ಹೇಳುತ್ತೆ. ಹಲ್ಲು ಕಚ್ಚಿದ್ರೆ ಭಾರ ಎತ್ತೋಳ ಥರ ಕಾಣಲ್ಲ, ಮಲಬದ್ಧತೆ ಆದೋಳ ಥರ ಕಾಣ್ತೀನಿ. ಹಿಕ್ಮತ್ ಅಮ್ಮ, ನೀವು ಅಷ್ಟು ಚೆನ್ನಾಗಿ ಅಳ್ತೀರಲ್ಲ, ಹೇಗೆ?”

“ಹೆಣದ ಪಾತ್ರ ಮಾಡಿದವನ ಮುಖ ನೋಡಲ್ಲ ಮಗಳೇ. ಕಾಲು ನೋಡ್ತೀನಿ. ಮುಖ ಎಷ್ಟು ಬೇಕಾದ್ರೂ ನಟಿಸಲಿ, ಕಾಲಿಗೆ ನಟನೆ ಬರಲ್ಲ. ಬಡಪಾಯಿ ಕಾಲು, ಎಷ್ಟು ನಡೆದಿತ್ತೋ ಅನ್ನಿಸುತ್ತೆ. ಅಳು ಬಂದ್ಬಿಡುತ್ತೆ.”

ಲುತ್ಫಿ ಅಗಿಯುವುದನ್ನು ನಿಲ್ಲಿಸಿದ. “ಇಷ್ಟೆಲ್ಲ ಗೊತ್ತಿರೋರಿಗೆ ಆ ಎರಡು ಮಾತು ಯಾಕಮ್ಮ ಬರ್ತಿಲ್ಲ?”

“ಯಾವ ತಾಯಿ ಊರ ಮುಂದೆ ಮಗಳನ್ನ ಹಾಗೆ ಹೊಗಳ್ತಾಳೆ? ಅದನ್ನ ಬರೆದವನಿಗೆ ಹೆತ್ತವಳು ಇಲ್ವಾ?”

ಶಹೀರಾ ಅರ್ಧ ತಟ್ಟೆ ಬಿಟ್ಟು ಎದ್ದು ಹೋದಳು. ಹೋದವಳು ಹಟ ಮಾಡಿ ಕಂಬಿಗೆ ನಿಜವಾದ ಕಬ್ಬಿಣದ ಬಿಲ್ಲೆಗಳನ್ನೇ ಹಾಕಿಸಿದಳು. ಒಂದೊಂದು ಬಿಲ್ಲೆಯನ್ನೂ ಇಬ್ಬಿಬ್ಬರು ಹೊತ್ತು ತರುವುದನ್ನು ನೋಡಿ ಹಿಕ್ಮತ್ ದೇವರ ಹೆಸರು ಗೊಣಗಿಕೊಂಡಳು.

ಕ್ಯಾಮೆರಾ ಓಡತೊಡಗಿತು. ಕಂಬಿ ಶಹೀರಾಳ ಎದೆಯವರೆಗೆ ಬಂತು. ಅಲ್ಲಿಂದ ಮೇಲಕ್ಕೆ ಹೊರಟು ಅರ್ಧದಲ್ಲಿ ನಿಂತಿತು. ತೋಳು ನಡುಗಿತು, ಒಂದು ಮಂಡಿ ಕುಸಿಯತೊಡಗಿತು. ಶುಕ್ರಿ ಹಿಕ್ಮತ್‌ಳತ್ತ ಕೈ ಬೀಸಿದ. ಅವಳು ಎದ್ದಳು. ಮಾತು ಬಾಯಲ್ಲೇ ಇತ್ತು. ಆದರೆ ಹೊರಗೆ ಬಂದದ್ದೇ ಬೇರೆ.

“ಅಯ್ಯೋ ಕಾಗೆಮೂತಿ! ಕೆಲಸಕ್ಕೆ ಬಾರದೋಳೇ! ನಿನ್ನನ್ನ ಯಾವನೇ ಕಟ್ಕೋತಾನೆ! ಎತ್ತೇ ದರಿದ್ರದೋಳೇ, ಎತ್ತಿ ಬಿಸಾಕೇ!”

ಶಹೀರಾಳ ಕಣ್ಣು ಅರಳಿತು. ಕತ್ತಿನ ನರಗಳೆಲ್ಲ ಉಬ್ಬಿದವು. ಕಂಬಿ ತಲೆಯ ಮೇಲೆ ಹೋಗಿ ನಿಂತಿತು, ಒಂದು, ಎರಡು, ಮೂರು, ಆಮೇಲೆ ಧಡಾರನೆ ಕೆಳಗೆ ಬಿತ್ತು. ಅದರ ಹಿಂದೆಯೇ ಶಹೀರಾ ಮಂಡಿಯೂರಿ ಗೊಳೋ ಎಂದು ಅಳತೊಡಗಿದಳು.

ಮುಗಿಯಿತು ಕಥೆ ಎಂದುಕೊಂಡು ಹಿಕ್ಮತ್ ತನ್ನ ಚೀಲ ಎತ್ತಿಕೊಂಡಳು. ಶುಕ್ರಿ ‘ಕಟ್’ ಹೇಳುವುದನ್ನೇ ಮರೆತು ನಿಂತಿದ್ದ.

“ಬರೆದದ್ದು ಹಾಳಾಗಿ ಹೋಗ್ಲಿ,” ಎಂದ ಆಮೇಲೆ, “ನಿಮ್ಮ ಮಾತೇ ಇರ್ಲಿ. ಹತ್ತಿರದಿಂದ ಇನ್ನೊಂದು ಸಲ ತಗೋಳ್ತೀನಿ, ಹೇಳಿಯಮ್ಮ.”

“ಆಗಲ್ಲಪ್ಪ. ಅದು ಜೀವ ಬಾಯಿಗೆ ಬಂದಾಗ ಬರೋ ಮಾತು.” ಹಾಗಂದರೂ ಹಿಕ್ಮತ್‌ಗೆ ಒಳಗೊಳಗೇ ಕುಣಿಯುವಷ್ಟು ಖುಷಿಯಾಗಿತ್ತು.

ಅಷ್ಟರಲ್ಲಿ ಶಹೀರಾ ಬಂದು ಅವಳ ತೋಳು ಹಿಡಿದಳು. “ನಮ್ಮಮ್ಮ ನನ್ನನ್ನ ಕರೆಯೋದೇ ಹಾಗೆ, ಕಾಗೆಮೂತಿ ಅಂತ. ನನ್ನ ಮೊದಲ ಸಿನಿಮಾ ಬಂದ ದಿನ ನೆಂಟರೆಲ್ಲರ ಮುಂದೆ ಹಾಗಂದ್ಲು. ನನ್ನ ಕಂಡ್ರೆ ಅವಳಿಗೆ ನಾಚಿಕೆ ಅಂದ್ಕೊಂಡೆ. ನಾಲ್ಕು ವರ್ಷ ಆಯ್ತು, ನಮ್ಮೂರು ಮನ್ಸೂರಾ ಕಡೆ ತಲೆ ಹಾಕಿಲ್ಲ.”

“ಅಯ್ಯೋ ಹುಚ್ಚಿ! ಇಂಥ ಮುಖ ಹೆತ್ತವಳು ಇನ್ನೇನು ಅನ್ಬೇಕಿತ್ತು? ಚಂದ್ರ ಅಂತ ನೆಂಟರ ಕಣ್ಣಿಗೆ ತಟ್ಟೇಲಿ ಇಟ್ಟು ಕೊಡ್ಬೇಕಿತ್ತಾ? ಮಾಡು ಫೋನು!”

ಶಹೀರಾ ಫೋನು ಮಾಡಿದಳು. ಆಚೆಯಿಂದ ಹಲೋ ಕೇಳಿದ್ದೇ ಫೋನನ್ನು ಹಿಕ್ಮತ್‌ಳ ಕೈಗೆ ತುರುಕಿದಳು.

“ನೋಡು ತಂಗೀ,” ಎಂದಳು ಹಿಕ್ಮತ್, “ನಾನು ನಿನ್ನ ಮಗಳ ಜೊತೆ ಕೆಲಸ ಮಾಡ್ತೀನಿ. ಏನೇನೂ ಚೆನ್ನಾಗಿಲ್ಲ ಕಣಮ್ಮ ಅವಳು. ರೂಪ ಇಲ್ಲ, ತ್ರಾಣ ಇಲ್ಲ, ನಟನೆ ಅಂತೂ ಕೇಳಲೇಬೇಡ.”

“ಹೌದು ಕಣಕ್ಕ,” ಎಂದಿತು ಆಚೆಯ ಒಡೆದ ದನಿ. “ಹುಟ್ಟಿದಾಗಿನಿಂದ ಹಾಗೇ. ಒಂಚೂರೂ ಚೆನ್ನಾಗಿಲ್ಲ.” ಆಮೇಲೆ ಮೂಗು ಸೊರಸೊರ ಎಳೆದುಕೊಳ್ಳುತ್ತ ಆ ತಾಯಿ ಕೇಳಿದಳು: “ಊಟ ಮಾಡಿದ್ಲಾ ಅದು?”