ಕದಿರಯ್ಯನವರ ಹುಳ, ಕೆಂಚಮ್ಮನ ಮನೆ

ಕದಿರಯ್ಯನವರು ಕೊರಟಗೆರೆಯ ನಮ್ಮ ಅಂಗಡಿಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದಾಗ ಬೀದಿಯಲ್ಲಿ ಯಾರೂ ಅವರನ್ನು ಎರಡನೇ ಸಲ ನೋಡಿರಲಿಲ್ಲ. ಪಾವಗಡದ ಕಡೆಯ ನಿಡುಗಲ್ಲಿನವರು, ನಲವತ್ತು ದಾಟಿದವರು, ಒಂಟಿ. ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕರು. ವರ್ಷಗಟ್ಟಲೆ ದುಡಿದರೂ ಅತಿಥಿಯಾಗಿಯೇ ಉಳಿಯುವ ಕೆಲಸ ಅದೊಂದೇ ಇರಬೇಕು. ಪ್ರತಿ ಬೇಸಿಗೆಯಲ್ಲೂ ಮನೆಗೆ ಕಳಿಸುತ್ತಾರೆ, ಮತ್ತೆ ಕರೆದರೆ ಕರೆದರು, ಇಲ್ಲದಿದ್ದರೆ ಇಲ್ಲ.

ನನ್ನದು ಸಿಮೆಂಟು, ಕಬ್ಬಿಣ, ಪೈಪುಗಳ ವ್ಯಾಪಾರ. ಗಿರಾಕಿ ಏನು ಕೇಳುತ್ತಾನೆಂಬುದರ ಮೇಲೆ ಅವನ ಮನೆ ಪಾಯದಲ್ಲಿದೆಯೋ ತಾರಸಿಯಲ್ಲಿದೆಯೋ ಹೇಳಬಲ್ಲೆ. ಕದಿರಯ್ಯನವರು ಕೇಳಿದ್ದು ಬಿಳಿ ಟಬ್ಬು, ಬಣ್ಣ ಹಚ್ಚುವ ಅತಿ ಸಣ್ಣ ಬ್ರಷ್ಷು, ಸೊಳ್ಳೆಪರದೆ. ಅದು ಯಾವ ಮನೆಯ ಲೆಕ್ಕಕ್ಕೂ ಬರಲಿಲ್ಲ.

"ಸೊಳ್ಳೆ ಜಾಸ್ತಿನಾ ಸಾರ್?" ಎಂದೆ.

"ಸೊಳ್ಳೆ ಅಲ್ಲ ಸಾರ್, ಇನ್ನೊಂದು ಹುಳ. ಸಿದ್ದರಬೆಟ್ಟದ ತೊರೇಲೈತೆ. ಮೇಲಕ್ಕೆ ಬನ್ನಿ, ತೋರಿಸ್ತೀನಿ."

ಟಬ್ಬಿನ ನೀರಿನಲ್ಲಿ ಒಂದು ಚಿಟಿಕೆ ಮರಳು ತಾನೇ ನಡೆಯುತ್ತಿತ್ತು. ಹತ್ತಿರ ಬಗ್ಗಿ ನೋಡಿದರೆ ಮರಳಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದ ಪುಟ್ಟ ಕೊಳವೆ, ಅದರ ತುದಿಯಲ್ಲಿ ಹೊರಗೆ ಚಾಚಿದ ತಲೆ, ಕಾಲು. ಅದು ಕ್ಯಾಡಿಸ್ ಎಂಬ ನೊಣದ ಮರಿ ಎಂದರು. ಬಾಯಿಂದ ರೇಷ್ಮೆಯಂಥ ಅಂಟು ಬಿಟ್ಟು ತನ್ನ ಮನೆ ತಾನೇ ಕಟ್ಟಿಕೊಳ್ಳುತ್ತದೆ. ಬಲಿತ ಮೇಲೆ ಆ ಮನೆಯನ್ನು ನೀರೊಳಗಿನ ಕಲ್ಲಿನ ಅಡಿಗೆ ಅಂಟಿಸಿ, ಬಾಗಿಲು ಮುಚ್ಚಿಕೊಂಡು ಕೂರುತ್ತದೆ. ಕೆಲವು ವಾರ ಕಳೆದು ರೆಕ್ಕೆ ಬಂದು ಹೊರಗೆ ಹಾರುತ್ತದೆ. ನೋಡಿದವರು ಬೂದು ಪತಂಗವೆಂದು ಕೈಬೀಸುತ್ತಾರೆ, ಅಷ್ಟೆ.

"ಸಿಮೆಂಟಿಲ್ಲ, ಮೇಸ್ತ್ರಿಯಿಲ್ಲ. ಈ ಜಾತಿ ಹೆಚ್ಚಾದರೆ ನಾನು ಅಂಗಡಿ ಮುಚ್ಚಬೇಕು" ಎಂದೆ.

ಅವರು ನಗಲಿಲ್ಲ. ಬೇರೆ ರಾಜ್ಯದ ತಜ್ಞರೊಬ್ಬರಿಗೆ ಮರಿಗಳನ್ನೂ ರೆಕ್ಕೆಯ ಹೆಣ್ಣೊಂದನ್ನೂ ಕಳಿಸಿದ್ದರಂತೆ. ಹೊಸ ಜಾತಿಯೇ ಇರಬಹುದು, ಆದರೆ ಗಂಡು ಬೇಕು ಎಂದು ಉತ್ತರ ಬಂದಿತ್ತು. ಈ ನೊಣಗಳಲ್ಲಿ ಜಾತಿಯ ಗುರುತಿರುವುದು ರೆಕ್ಕೆ ಬಂದ ಗಂಡಿನ ಹಿಂತುದಿಯಲ್ಲಿ. ಗಂಡು ಸಿಕ್ಕದೆ ವಿವರಣೆ ಬರೆಯುವಂತಿಲ್ಲ, ಹೆಸರಿಡುವಂತಿಲ್ಲ.

"ಗಂಡು ಹುಡುಕೋ ಕಷ್ಟ ನಂಗೂ ಗೊತ್ತು ಬುಡಿ ಸಾರ್. ನಮ್ಮನೇಲೂ ಮಗಳಿಗೆ ನಡೀತಾ ಐತೆ" ಎಂದೆ. ಆಗ ನಕ್ಕರು.

ಕೋಣೆಯಲ್ಲಿ ಸಾಕಲು ನೋಡಿದರು. ಹರಿಯದ ನೀರಿನಲ್ಲಿ ಹುಳಗಳು ಒಂದೊಂದಾಗಿ ಸತ್ತವು. ಉಳಿದದ್ದು ಒಂದೇ ದಾರಿ: ಬೆಟ್ಟದ ತೊರೆಯಲ್ಲೇ ಗೂಡಂಟಿದ ಕಲ್ಲುಗಳ ಮೇಲೆ ಸೊಳ್ಳೆಪರದೆ ಕಟ್ಟಿ, ಹಾರಿ ಬರುವ ಗಂಡಿಗಾಗಿ ಕಾಯುವುದು. ಶಿವರಾತ್ರಿ ಕಳೆದರೆ ತೊರೆ ಒಣಗುತ್ತದೆ. ಕಾಲೇಜು ಮುಗಿದರೆ ಇವರನ್ನು ಮತ್ತೆ ಈ ಕಡೆಗೆ ಕರೆಯುತ್ತಾರೆಂಬ ಭರವಸೆಯೂ ಇರಲಿಲ್ಲ.

ಬೆಟ್ಟದ ದೇವರಿಗೆ ಬರುವ ಭಕ್ತರು ಪರದೆ ಕಂಡು ಸುಮ್ಮನಿರುತ್ತಾರೆಯೇ? ಏನಿದು, ಯಾಕಿದು ಎಂದು ಮುತ್ತಿಕೊಂಡರು. ಕದಿರಯ್ಯನವರು ಮೇಷ್ಟ್ರಲ್ಲವೇ, ಬಂದವರನ್ನೆಲ್ಲ ಕೂರಿಸಿ ಪಾಠ ಮಾಡಿದರು. "ಈ ಒಂದೊಂದು ಕಲ್ಲಿನಡೀಲೂ ಒಂದೊಂದು ಮನೆ ಐತಮ್ಮ. ತಾನೇ ಕಟ್ಕೊಂಡಿರೋ ಸ್ವಂತ ಮನೆ. ದಯವಿಟ್ಟು ಮುಟ್ಬೇಡಿ" ಎಂದು ಬೇಡಿಕೊಂಡರು.

ಸ್ವಂತ ಮನೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮುಟ್ಟಬೇಡಿ ಎಂಬುದು ಯಾರಿಗೆ ಕೇಳುತ್ತದೆ? ನಮ್ಮ ಕಡೆ ಬೆಟ್ಟ ಹತ್ತಿದವರು ಕಲ್ಲಿನ ಮೇಲೆ ಕಲ್ಲು ಪೇರಿಸಿ, ನಮಗೊಂದು ಮನೆಯಾಗಲಿ ಎಂದು ಹರಸಿಕೊಳ್ಳುತ್ತಾರೆ. ಹಾಗೆ ಪೇರಿಸಿ ಹೋದವರು ಎಷ್ಟೋ ಮಂದಿ ನನ್ನ ಗಿರಾಕಿಗಳಾಗಿದ್ದಾರೆ. ಆ ಹರಕೆಯನ್ನು ನಾನು ಆಡಿಕೊಳ್ಳುವಂತಿಲ್ಲ. ಬರೀ ಕಲ್ಲಿಗೇ ಮನೆ ಕೊಡುವ ದೇವರು, ಮನೆ ಅಂಟಿಕೊಂಡಿರುವ ಕಲ್ಲಿಗೆ ಇಲ್ಲವೆನ್ನುತ್ತಾನೆಯೇ?

ಅಂಗಡಿಗೆ ರಜೆಯಿದ್ದ ದಿನ ಅವರ ಜೊತೆ ನಾನೂ ಬೆಟ್ಟಕ್ಕೆ ಹೋಗಿದ್ದೆ. ಪರದೆಯನ್ನು ಯಾರೋ ಅಚ್ಚುಕಟ್ಟಾಗಿ ಮಡಿಸಿ ಬದಿಗಿಟ್ಟಿದ್ದರು. ತೊರೆಯಲ್ಲಿ ಕಲ್ಲೇ ಇರಲಿಲ್ಲ. ಪಕ್ಕದ ಬಂಡೆಯ ಮೇಲೆ ಉದ್ದಕ್ಕೂ ಸಣ್ಣ ಸಣ್ಣ ಗೋಪುರಗಳು, ಒಂದಂತಸ್ತಿನವು, ಮಹಡಿಯವು. ಕಲ್ಲುಗಳ ಹೊಟ್ಟೆಗೆ ಅಂಟಿದ್ದ ಗೂಡುಗಳು ಬಿಸಿಲಿಗೆ ಬೆಳ್ಳಗಾಗುತ್ತಿದ್ದವು.

ಕದಿರಯ್ಯನವರು ಹತ್ತಿರದ ಗೋಪುರಕ್ಕೆ ಕೈ ಹಾಕಿದರು.

"ಲೇ ಲೇ! ಏನ್ಲಾ ಮಾಡ್ತಿದೀಯ?" ಮರದ ನೆರಳಲ್ಲಿ ಬುತ್ತಿ ಬಿಚ್ಚಿದ್ದ ಹೆಂಗಸು ಎದ್ದು ಓಡಿಬಂದಳು. ಕೆಂಚಮ್ಮ, ಮಧುಗಿರಿಯಲ್ಲಿ ಬೀಡಿ ಕಟ್ಟುವವಳು. "ನನ್ ಮನೆ ಕಣಪ್ಪಾ ಅದು! ಬಾಡ್ಗೆ ಮನೆ ಬದಲಾಯ್ಸಿ ಬದಲಾಯ್ಸಿ ಸಾಕಾಗೈತೆ. ಈಗ ತಾನೇ ಎಬ್ಬಿಸಿವ್ನಿ, ಕೆಡವ್‌ಬುಡ್ತೀಯಾ?"

"ಅಮ್ಮಾ, ಇದರಲ್ಲಿ ಜೀವ ಐತೆ. ನೀರಿಲ್ದಿದ್ರೆ ಸಾಯ್ತವೆ."

"ಅದ್ಕೇ ಅಲ್ವಾ ಇಟ್ಟಿರೋದು!" ಎಂದವಳಿಗೆ ಬದಿಯ ಪರದೆ ಕಂಡು ಇವರು ಯಾರೆಂದು ಹೊಳೆಯಿತು. "ನೀವೇ ಹೇಳಿದ್ರಂತಲ್ಲ ಸಾಮಿ, ಇವು ಮನೆ ಕಟ್ಟೋ ಕಲ್ಲು ಅಂತ."

ಕದಿರಯ್ಯನವರ ಕೈ ಕೆಳಗಿಳಿಯಿತು.

"ಅವಳದ್ದು ಬುಡಿ ಸಾರ್. ಆ ಕಡೆ ನೋಡಿ, ಯಾರೂ ಇಲ್ದಿರೋ ಗೋಪುರಗಳವೆ. ಒಂದೆರಡು ಕಲ್ಲು ತಗಳಿ, ಯಾರು ಕೇಳ್ತಾರೆ?" ಎಂದು ಮೆಲ್ಲಗೆ ಹೇಳಿದೆ.

ಸಂಕಟವಾದಾಗ ಅವರ ಬಾಯಲ್ಲಿ ಪಾವಗಡದ ತೆಲುಗು ಹೊರಡುತ್ತದೆ. "ಏಂ ಚೇಸ್ತಾಂ ಸಾರ್, ಏನ್ಮಾಡೋದು? ಯಾರದೋ ಮನೆ ಅದು. ನಮ್ಮಮ್ಮನೂ ನಿಡುಗಲ್ ಬೆಟ್ಟದ ಮೇಲೆ ಹಿಂಗೇ ಪೇರಿಸಿದ್ಲು. ದನ ಬೀಳಿಸಿದ್ದಕ್ಕೆ ಊಟ ಬಿಟ್ಟಿದ್ಲು."

ಆಮೇಲೆ ಅವರಿಗೆ ಏನು ತೋಚಿತೋ, ಪ್ಲಾಸ್ಟಿಕ್ ಬಿಂದಿಗೆ ಹಿಡಿದು ತೊರೆಗಿಳಿದರು. ನೀರು ತುಂಬಿ ತಂದು ಮೊದಲ ಗೋಪುರಕ್ಕೆ ಸುರಿದರು, ಎರಡನೆಯದಕ್ಕೆ ಸುರಿದರು. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲಿನದು ಒಣಗಿರುತ್ತಿತ್ತು. ಮತ್ತೆ ಇಳಿದರು. ಬೆಟ್ಟ ಹತ್ತಿ ಬಂದವರು ನಿಂತು ನೋಡಿದರು. ಬಿಳಿ ಅಂಗಿಯ ಮೇಷ್ಟ್ರು ಬಾಯಿ ಬಿಡದೆ ಮನೆಗಳಿಗೆಲ್ಲ ನೀರೆರೆಯುತ್ತಿದ್ದರೆ ನಮ್ಮ ಜನಕ್ಕೆ ಅದು ಅಭಿಷೇಕವಲ್ಲದೆ ಇನ್ನೇನಾಗಿ ಕಂಡೀತು? ತಾವೂ ಚೊಂಬು ಹಿಡಿದರು. ಕದಿರಯ್ಯನವರ ಮುಖದಲ್ಲಿ ಒಂದು ಗಳಿಗೆ ಆಸೆ ಹೊಳೆದದ್ದನ್ನು ನಾನು ಕಂಡೆ. ಇಷ್ಟು ಕೈ ಸೇರಿದರೆ ಬದುಕಿಸಬಹುದೇನೋ.

ಅಷ್ಟರಲ್ಲಿ ಕೆಂಚಮ್ಮ ಸೆರಗಿನ ಗಂಟು ಬಿಚ್ಚಿ, ಒದ್ದೆಯಾದ ತನ್ನ ಗೋಪುರಕ್ಕೆ ಅರಿಶಿನ ಕುಂಕುಮ ಎರಚಿದಳು. ಅವಳನ್ನು ಕಂಡು ಉಳಿದವರೂ ಎರಚಿದರು. ಕರ್ಪೂರ ಬಂತು. ಹುಳಹುಪ್ಪಟೆಗೆ ಆಗದ ಅರಿಶಿನದ ನೀರು ಕಲ್ಲುಗಳ ಸಂದಿಗೆ, ಗೂಡುಗಳ ಮೇಲೆ ಇಳಿಯಿತು.

"ಬ್ಯಾಡಮ್ಮಾ…" ಎಂದರು ಕದಿರಯ್ಯನವರು.

"ಇರ್ಲಿ ತಗಳ್ಳಿ ಸಾಮಿ, ನಿಮ್ಮ ಹುಳಕ್ಕೂ ಒಳ್ಳೇದಾಗ್ಲಿ" ಎಂದು ಕೆಂಚಮ್ಮ ಅವರ ಕೈಗೆ ತೆಂಗಿನಕಾಯಿ ಹೋಳು ಕೊಟ್ಟಳು.

ಆ ವರ್ಷ ಗಂಡು ಸಿಗಲಿಲ್ಲ. ಕಾಲೇಜಿನವರು ಮತ್ತೆ ಕರೆಯಲಿಲ್ಲ. ಪರದೆಯನ್ನು ಅಂಗಡಿಯ ಮೇಲಿನ ಕೋಣೆಯಲ್ಲೇ ಬಿಟ್ಟು ಕದಿರಯ್ಯನವರು ನಿಡುಗಲ್ಲಿಗೆ ಹೋದರು.

ಈಚೆಗೆ ಕೆಂಚಮ್ಮ ಸಿಮೆಂಟು ಕೇಳಿಕೊಂಡು ಅಂಗಡಿಗೆ ಬಂದಳು. ಸರ್ಕಾರದ ಮನೆ ಮಂಜೂರಾಗಿದೆಯಂತೆ. "ಆ ಸಾಮಿ ನೀರು ಉಯ್ದಿದ್ದು ಕಣಪ್ಪ, ಅವ್ರ ಕೈಗುಣ. ಗೃಹಪ್ರವೇಶಕ್ಕೆ ಅವ್ರು ಬರ್ಲೇಬೇಕು" ಎಂದು ಹಟ ಹಿಡಿದಳು. ಫೋನು ಹಚ್ಚಿ ವಿಷಯ ಹೇಳಿದೆ.

"ಬರ್ತೀನಿ ಅಂತ ಹೇಳಿ ಸಾರ್" ಎಂದರು. "ಹರಕೆ ತೀರ್ತಲ್ಲ, ಆ ಕಲ್ಲು ಈಗ ತೊರೇಗೆ ಹಾಕ್ಬೋದಾ ಅಂತ ಒಂದ್ಮಾತು ಕೇಳ್ತೀರಾ?"

ಕೇಳಿದೆ. "ಅಯ್ಯೋ, ಇನ್ನೂ ಮಗನ ಮನೆ ಆಗ್ಬೇಕಲ್ಲಪ್ಪ" ಎಂದಳು ಕೆಂಚಮ್ಮ.