ಸೋಮನ ಎದುರಿಗೆ ನಿಂತ ಮೇಷ್ಟ್ರು

ನಾಗಮಂಗಲದ ಸೀಮೆಯಲ್ಲಿ ಸೋಮನ ಕುಣಿತವನ್ನು ಬಲ್ಲವರಿಗೆ ಶ್ರೀ ನಿಂಗರಾಜು ಅವರನ್ನು ಹೊಸದಾಗಿ ಪರಿಚಯಿಸಬೇಕಾದ್ದಿಲ್ಲ. ಪಾಂಡವಪುರದ ಪ್ರೌಢಶಾಲೆಯೊಂದರಲ್ಲಿ ಮಕ್ಕಳಿಗೆ ಓಟವನ್ನೂ ಕಬಡ್ಡಿಯನ್ನೂ ಕಲಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಈ ಪಿ.ಟಿ. ಮೇಷ್ಟ್ರು, ಬೇಸಿಗೆ ಬಂತೆಂದರೆ ಊರಿಗೆ ಹೋಗಿ, ಉಪವಾಸವಿದ್ದು, ಗ್ರಾಮದೇವತೆ ಕೆಂಪಮ್ಮನ ಬಂಟನಾದ ಸೋಮನ ಮರದ ಮುಖವನ್ನು ಹೊತ್ತು ಬೀದಿಬೀದಿ ಕುಣಿಯುತ್ತಿದ್ದರು. ಸಂಬಳ ಹೊಟ್ಟೆಗಾಯಿತು, ಕುಣಿತ ಉಸಿರಿಗಾಯಿತು ಎಂಬಂತೆ ಬಾಳಿದವರು ಅವರು.

ಅವರ ಊರಿನ ಕಟ್ಟಳೆಯೊಂದನ್ನು ಇಲ್ಲಿ ಹೇಳಲೇಬೇಕು. ಸೋಮನಿಗೆ ಕಣ್ಣು ಬರೆಯುವುದು ಮುಖವನ್ನು ಹೊತ್ತ ಮೇಲೆ. ಇಳಿಸುವ ಮೊದಲೇ ಒದ್ದೆ ಬಟ್ಟೆಯಲ್ಲಿ ಆ ಕಣ್ಣುಗಳನ್ನು ಒರೆಸಿಬಿಡುತ್ತಾರೆ. ಹೊತ್ತವನು ಬಾಯಿಯ ಸೀಳಿನಿಂದ ನೆಲ ನೋಡಿಕೊಂಡು ಹೆಜ್ಜೆ ಹಾಕಬೇಕು. ಹಾಗಾಗಿ ಕಣ್ಣು ತೆರೆದ ಸೋಮನನ್ನು ಊರಿಗೆ ಊರೇ ಕಾಣುತ್ತದೆ. ಹೊತ್ತವನೊಬ್ಬ ಮಾತ್ರ ಕಾಣುವುದಿಲ್ಲ.

ಹತ್ತು ಹನ್ನೆರಡು ವರ್ಷಗಳ ಹಿಂದೆ ಅವರಿಗೆ ಲಕ್ವ ಹೊಡೆದು, ಎಡಗಾಲು ನೆಲ ಗೀರಿಕೊಂಡು ಬರುವಂತಾಯಿತು. ಶಾಲೆಯವರು ಕುರ್ಚಿ ಹಾಕಿ ಕೂರಿಸಿ, ಸೀಟಿ ಕೈಗೆ ಕೊಟ್ಟು ಉಳಿಸಿಕೊಂಡರು. ಊರಿನವರು ಮಾತ್ರ ಸೋಮನನ್ನು ಡೇರಿಗೆ ಹಾಲು ಸಾಗಿಸುವ ಪುಟ್ಟರಾಜುವಿಗೆ ವಹಿಸಿದರು. ಆ ಬೇಸಿಗೆ ಹಬ್ಬಕ್ಕೆ ಮೊದಲೇ ಮೇಷ್ಟ್ರು ಊಟದ ತಟ್ಟೆ ತಳ್ಳತೊಡಗಿದ್ದರು.

"ಸ್ವಾಮಿ ಹೊರಕ್ಕಾಗ್ದಿದ್ ಮೇಲೆ ಈ ಮೈ ಯಾತಕ್ಕಮ್ಮಿ? ಬುಡು, ಒಣಗೋಗ್ಲಿ" ಎಂದರಂತೆ ಹೆಂಡತಿ ಚಲುವಮ್ಮನವರಿಗೆ.

ಹಬ್ಬದ ದಿನ ನಡುಹಗಲು. ಅವರು ಊರಿನ ಮನೆಯ ಬಾಗಿಲಿಗೆ ಅಗುಳಿ ಹಾಕಿ, ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಬೀದಿಯಲ್ಲಿ ಸೋಮನ ಜೊತೆ ಬರುತ್ತಿದ್ದ ಅರೆ ಎಂಬ ಚರ್ಮವಾದ್ಯದ ಸದ್ದು ಅವರ ಮನೆಯ ಮುಂದೆ ಬಂದದ್ದು ಮುಂದಕ್ಕೆ ಹೋಗಲಿಲ್ಲ.

ಚಲುವಮ್ಮ ಕಿಟಕಿಯಲ್ಲಿ ನೋಡಿದರು. "ಇಲ್ನೋಡಿ, ನಿಂತ್ಬುಟ್ಟದೆ. ಅಲ್ಲಾಡ್ತಿಲ್ಲ."

"ಬಿಸ್ಲಿಗೆ ಪುಟ್ಟರಾಜು ಸುಸ್ತಾಗವ್ನೆ. ನೀರು ಕೊಟ್ಟು ಕಳ್ಸು."

"ನೀರು ಕೇಳೋ ಅಂಗಿಲ್ಲ ಅದು."

ಹೊರಗಿನಿಂದ ಅರೆ ಬಡಿಯುವ ತಮ್ಮಯ್ಯ ಕೂಗಿದ: "ಲೇ ನಿಂಗರಾಜ! ಎಷ್ಟೊತ್ತು ಬಡೀಲ್ಲಾ? ನನ್ ತೋಳು ಕಿತ್ತೋಗಿ ನಿನ್ ಜಗಲಿ ಮ್ಯಾಲೆ ಬಿದ್ದೋಯ್ತದೆ. ಈಚೆಗೆ ಬಾರ್ಲಾ!"

ಮೇಷ್ಟ್ರು ಗೋಡೆ ಹಿಡಿದುಕೊಂಡು ಎದ್ದು ಅಗುಳಿ ತೆಗೆದರು.

ಜೀವಮಾನವೆಲ್ಲ ತಲೆಯ ಮೇಲಿದ್ದದ್ದು ಅಂದು ಎದುರಿಗಿತ್ತು. ಕೆಂಪು ಮುಖ, ಹಸಿ ಬಣ್ಣದ ಕಣ್ಣು. ಆ ಕಣ್ಣು ಮೊದಲು ಅವರ ಮುಖವನ್ನು, ಆಮೇಲೆ ಕಾಲನ್ನು ನೋಡಿತು ಎನ್ನುತ್ತಾರೆ ಅವರು. ಆಮೇಲೆ ಸೋಮ ಕದಲಿತು, ಅವರ ಅಂಗಳದಲ್ಲೇ ಕುಣಿಯಿತು. ಗಟ್ಟಿಮುಟ್ಟಾದ ಪುಟ್ಟರಾಜುವಿನ ಎಡಗಾಲು ನೆಲ ಗೀರಿಕೊಂಡು ಬರುತ್ತಿತ್ತು. ನಗಲು ಹೊರಟ ಒಂದಿಬ್ಬರು ಬಾಯಿಗೆ ಸೆರಗು ಒತ್ತಿಕೊಂಡರು. ಮಾರನೆಯ ಬೆಳಗ್ಗೆ ಚಲುವಮ್ಮ ಅಂಗಳ ಗುಡಿಸಿ, ಸಗಣಿ ನೀರು ಹಾಕಿ ಸಾರಿಸಿದರೂ ಆ ಗೀರು ಹಾಗೇ ಇತ್ತು.

ಹಬ್ಬದ ಸಂಜೆಯೇ ಪುಟ್ಟರಾಜು ಬಂದು ಮೆಟ್ಟಿಲ ಮೇಲೆ ಕೂತಿದ್ದ. "ಮೇಷ್ಟ್ರೆ, ನಿಮ್ಮನೆ ತಾವ ಬಂದಿದ್ನಂತಲ್ಲ, ನಂಗೊಂದೂ ನೆಪ್ಪಿಲ್ಲ. ಎಂಗಿತ್ತು ಮುಖ? ಕೇಳಿದ್ರೆ ಎಲ್ಲಾರೂವೆ ಚೆಂದಾಗಿತ್ತು ಅಂತಾರೆ. ಅಷ್ಟೇಯಾ?"

ಮೇಷ್ಟ್ರು ಹೇಳಿದರು. ಎಲ್ಲಿ ಕೋಪವಿತ್ತು, ಎಲ್ಲಿ ಮರುಕವಿತ್ತು, ಯಾವ ಹೆಜ್ಜೆಯಲ್ಲಿ ಅದು ಮನುಷ್ಯನ ನಡೆಯನ್ನು ಬಿಟ್ಟಿತು ಎಂಬುದನ್ನೆಲ್ಲ ಹೇಳಿದರು. ಒಳಗಿನ ಕತ್ತಲೆಯನ್ನೂ ಹೊರಗಿನ ಕಣ್ಣನ್ನೂ ಎರಡನ್ನೂ ಕಂಡವರು ಆ ಊರಿನಲ್ಲಿ ಅವರೊಬ್ಬರೇ. ಅಂದು ರಾತ್ರಿ ಮುದ್ದೆ ಕೇಳಿ ಬಡಿಸಿಕೊಂಡು ಉಂಡರಂತೆ.

ಅಲ್ಲಿಂದಾಚೆಗೆ ಪ್ರತಿ ಹಬ್ಬದಲ್ಲೂ ಕೋಲೂರಿಕೊಂಡು ಸೋಮನ ಎದುರಿಗೆ ನಿಲ್ಲುವುದು ಅವರ ಸೇವೆಯಾಯಿತು. ಮುಖ ಇಳಿಸಿದವರು ಅವರ ಮಾತು ಕೇಳಿ ಆಮೇಲೆ ನೀರು ಕುಡಿಯುತ್ತಾರೆ, ಕೆ.ಆರ್. ಪೇಟೆಯ ಕಡೆಯಿಂದಲೂ ಕುಣಿಯುವವರು ಕರೆಯಲು ಬರುತ್ತಾರೆ. ಶಾಲೆಯಲ್ಲಿ ಉಬ್ಬಸದಿಂದ ಓಡಲಾರದೆ ಮೂಲೆಯಲ್ಲಿ ಕೂರುತ್ತಿದ್ದ ಧನುಶ್ರೀಯನ್ನು ಪಕ್ಕಕ್ಕೆ ಕರೆದು, "ಓಡೋರಿಗೆ ಅವರ ಓಟ ಕಾಣಕಿಲ್ಲ ಮಗ, ನೀನು ನೋಡಿ ಹೇಳು" ಎಂದವರೂ ಇವರೇ. ಆಕೆ ಇಂದು ಓಟದ ತರಬೇತುದಾರಳು.

ಹೋದ ಬೇಸಿಗೆಯಲ್ಲಿ ಪುಟ್ಟರಾಜು ಎಂದಿನಂತೆ ಕೇಳಿದಾಗ ಮೇಷ್ಟ್ರು ಕೋಲನ್ನು ಗೋಡೆಗೆ ಒರಗಿಸಿ ಕೂತರು.

"ಇವತ್ತು ಸೋಮ ನನ್ನ ನೋಡ್ನಿಲ್ಲ ಕಣ್ಲಾ. ನನ್ ಬೆನ್ನಿಂದೆ ಯಾರ್ನೋ ನೋಡ್ತಿದ್ದ."

"ಯಾರಿದ್ರು ಮೇಷ್ಟ್ರೆ?"

"ತಿರುಗ್ನಿಲ್ಲ. ತಿರುಗಿದ್ರೆ ನಿನ್ ಕುಣಿತ ನೋಡೋರ್ಯಾರ್ಲಾ?"

ಮೇಷ್ಟ್ರ ಬೆನ್ನ ಹಿಂದೆ ನಿಂತವರು ಯಾರೇ ಆಗಿರಲಿ, ಕರೆದೊಯ್ಯುವ ಅವಸರ ಅವರಿಗಿಲ್ಲದಿರಲಿ. ನಮ್ಮ ಮೇಷ್ಟ್ರಿಗೆ ನೋಡುವ ಕೆಲಸ ಇನ್ನೂ ಬೇಕಾದಷ್ಟಿದೆ. ತಾಯಿ ಕೆಂಪಮ್ಮ ಅವರನ್ನು ಬಹುಕಾಲ ಹಾಗೆಯೇ, ಮುಂದಕ್ಕೆ ನೋಡುತ್ತ, ನಿಲ್ಲಿಸಿರಲಿ.